ಗನ್ ತಾನಾಗಿಯೇ ಸದ್ದು ಮಾಡಿತೇ?

'ಬೆಳ್ಳಂಬೆಳಿಗ್ಗೆ ಸದ್ದು ಮಾಡಿದ ಪೊಲೀಸರ ಗನ್.' ಆರೋಪಿಯ ಕಾಲಿಗೆ ಗುಂಡು ಬಿದ್ದ ದಿನ ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದ್ದೇ ಒಂದು ಸಾಲು ಓಡಾಡುತ್ತದೆ. ಸದ್ದು ಮಾಡಿದ್ದು ಗನ್. ಕುದುರೆ ಎಳೆದವರು ಯಾರು ಅನ್ನುವುದು ನಾಲ್ಕನೇ ಪ್ಯಾರಾದಲ್ಲಿ ಸಿಕ್ಕರೆ ಪುಣ್ಯ.

ಮೊದಲು ಹೀಗಿರಲಿಲ್ಲ. ಆಗ ನಮ್ಮಲ್ಲಿ ಚಲಾವಣೆಯಲ್ಲಿದ್ದ ಪದ 'ಗೋಲಿಬಾರ್'. ಮರಾಠಿಯಲ್ಲೂ ಅದೇ ಪದ, ಗೋಳಿಬಾರ್. ಗೋಲಿಬಾರ್ ಎಂದರೆ ಸಾಕು, ಹಾರಿಸಿದವರು ಪೊಲೀಸರು, ಎದುರಿಗಿದ್ದವರು ಜನ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. 1938ರ ವಿದುರಾಶ್ವತ್ಥದಿಂದ 1980ರ ನರಗುಂದದವರೆಗೆ ಆ ಪದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಹಾಗಂತ ಆಗ ಎಲ್ಲ ನೆಟ್ಟಗಿತ್ತು ಅಂತಲ್ಲ. 1986ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಭಾಷಾ ಚಳವಳಿಯ ವೇಳೆ ಪೊಲೀಸರ ಗುಂಡಿಗೆ ಸತ್ತವರನ್ನು ಮರಾಠಿಯವರು ಇಂದಿಗೂ 'ಹುತಾತ್ಮ' ಅನ್ನುತ್ತಾರೆ, ಪಕ್ಕದ ಹಿಂಡಲಗಾದಲ್ಲಿ ಸ್ಮಾರಕವೂ ಇದೆ. ಕನ್ನಡದಲ್ಲಿ ಓದಿದವರಿಗೆ ನೆನಪಿರುವುದು 'ಗಲಭೆ'. ಊರು ಒಂದೇ, ಗುಂಡೂ ಒಂದೇ.

'ಎನ್‌ಕೌಂಟರ್' ಪದಕ್ಕೆ ಹೆಸರು ತಂದದ್ದು ಮುಂಬೈ. 1982ರಲ್ಲಿ ಅಲ್ಲಿ ಗ್ಯಾಂಗ್‌ಸ್ಟರ್ ಮಾನ್ಯಾ ಸುರ್ವೆ ಪೊಲೀಸರ ಗುಂಡಿಗೆ ಸತ್ತ ಮೇಲೆ ಪತ್ರಿಕೆಗಳಿಗೆ ಆ ಪದದ ರುಚಿ ಹತ್ತಿತು. ಇಂಗ್ಲಿಷಿನಲ್ಲಿ ಅದರ ಅರ್ಥ ಸುಮ್ನೆ 'ಎದುರಾಗುವುದು'. ನಮ್ಮ ಟಿ.ವಿ.ಗಳು ಬಂದ ಮೇಲೆ ಅದಕ್ಕೆ 'ಫಿನಿಶ್', 'ಮಟಾಶ್' ಸೇರಿಕೊಂಡವು. ಇಂಡಿ, ಚಡಚಣ ಕಡೆಯವನಾದರೆ ಹೆಸರಿನ ಹಿಂದೆ 'ಭೀಮಾ ತೀರದ ಹಂತಕ' ಅಂತ ಹಚ್ಚಿದರೆ ಮುಗೀತು. ನದಿ ಏನು ತಪ್ಪು ಮಾಡಿತ್ತೋ!

ವರದಿ ಹುಟ್ಟುವುದು ಹೇಗೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಾಲ್ಲೂಕಿನಿಂದ ಸುದ್ದಿ ಕಳಿಸುತ್ತಿದ್ದ ದಿನಗಳಲ್ಲಿ ನಾನೂ ಹೀಗೇ ಬರೆದಿದ್ದೇನೆ. ಠಾಣೆಯಿಂದ ನಾಲ್ಕು ಸಾಲು ಬರುತ್ತದೆ. ಮಹಜರಿಗೆ ಕರೆದೊಯ್ದಾಗ ಕಾನ್‌ಸ್ಟೆಬಲ್ ಮೇಲೆ ಹಲ್ಲೆ, ಪರಾರಿಗೆ ಯತ್ನ, ಗಾಳಿಯಲ್ಲಿ ಒಂದು ಸುತ್ತು, ಶರಣಾಗದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ. ಪುಟ ಮುಗಿಸಲು ಅರ್ಧ ಗಂಟೆ ಇರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿರುವವನನ್ನು ಮಾತಾಡಿಸಲು ಬಿಡುವುದಿಲ್ಲ, ಅವನ ಮನೆಯವರ ನಂಬರ್ ಯಾರ ಹತ್ತಿರವೂ ಇರುವುದಿಲ್ಲ. ಆ ನಾಲ್ಕು ಸಾಲಿನ ಕೊನೆಗೆ 'ಎಂದು ಪೊಲೀಸರು ತಿಳಿಸಿದ್ದಾರೆ' ಅಂತ ಸೇರಿಸಬೇಕು. ಜಾಗ ಕಡಿಮೆ ಬಿದ್ದರೆ ಡೆಸ್ಕಿನವರು ಮೊದಲು ಕತ್ತರಿ ಹಾಕುವುದು ಅದಕ್ಕೇ. ಅಲ್ಲಿಗೆ ಹೇಳಿಕೆ ಹೋಗಿ ಘಟನೆಯಾಗುತ್ತದೆ.

ಇನ್ನು ಕ್ರಿಯಾಪದ. 'ಹಾರಿಸಿದರು' ಅಂದರೆ ಹಾರಿಸಿದ ಒಬ್ಬರಿರುತ್ತಾರೆ. 'ಗುಂಡು ಹಾರಿದೆ', 'ಗುಂಡು ತಗುಲಿದೆ' ಅಂದರೆ ಯಾರೂ ಇರುವುದಿಲ್ಲ. ಎಸ್‌ಪಿ ಭೇಟಿ 'ನೀಡಿದರು', ಆರೋಪಿ 'ಸತ್ತ'. ಕೋರ್ಟು ಬಾಗಿಲು ತೆರೆಯುವ ಮೊದಲೇ ಏಕವಚನ ತೀರ್ಪು ಕೊಟ್ಟಿರುತ್ತದೆ.

ಪೊಲೀಸರ ಗುಂಡಿನ ವಿಷಯದಲ್ಲಿ ಕಾನೂನು ಇಷ್ಟು ಸಡಿಲವಿಲ್ಲ. 1997ರಲ್ಲೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ನಿಯಮ ಸೂಚಿಸಿದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿತು: ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಕೂಡಲೇ ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಗಂಭೀರ ಗಾಯವಾದರೂ ಸಾಧ್ಯವಾದಷ್ಟು ಇವೇ ಸೂಚನೆಗಳು ಅನ್ವಯ. ಅಂದರೆ ಕಾಲಿಗೆ ಬಿದ್ದ ಗುಂಡಿಗೂ ಲೆಕ್ಕ ಇದೆ. ಆದರೆ ಆ ಎಫ್‌ಐಆರ್ ಏನಾಯಿತು ಅಂತ ಮರುವಾರ ಕೇಳಿ ಬರೆದ ವರದಿ ನೀವು ಎಷ್ಟು ಓದಿದ್ದೀರಿ?

2017ರ ಅಕ್ಟೋಬರ್‌ನಲ್ಲಿ ಚಡಚಣ ಹತ್ತಿರ ಒಬ್ಬ ರೌಡಿ ಪೊಲೀಸ್ ಗುಂಡಿಗೆ ಸತ್ತ. ಮರುದಿನ ನಾವೆಲ್ಲ ಓದಿದ್ದು ಎನ್‌ಕೌಂಟರ್ ಎಂದೇ. ಅವನ ತಮ್ಮ ಕಾಣೆಯಾದ ಪ್ರಕರಣ ಸಿಐಡಿಗೆ ಹೋಯಿತು. 2018ರಲ್ಲಿ ಆ ಪ್ರಕರಣದಲ್ಲಿ ಸ್ಥಳೀಯ ಪೊಲೀಸರಲ್ಲೇ ಕೆಲವರು ಬಂಧನಕ್ಕೊಳಗಾದರು. ಆಮೇಲೆ ಅದೇ ಪುಟಗಳಲ್ಲಿ ಎನ್‌ಕೌಂಟರ್ ಪದದ ಎರಡೂ ಕಡೆ ಉದ್ಧರಣ ಚಿಹ್ನೆ ಬಂದು ಕೂತವು.