ಒಂದೇ ಕ್ವಿಲ್ಟ್ ಇದ್ದರೆ ಹ್ಯಾಮಕ್‌ನಲ್ಲಿ ಮೈಮೇಲೆ ಹೊದೆಯಬೇಕಾ, ಕೆಳಗೆ ಕಟ್ಟಬೇಕಾ?

ಪ್ರಶ್ನೆ: ಜನವರಿಯಲ್ಲಿ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಕಟ್ಟಿ ಮಲಗುವ ಪ್ಲಾನ್ ಇದೆ. ಸ್ಲೀಪಿಂಗ್ ಬ್ಯಾಗ್ ಒಳಗಿದ್ದರೂ ಬೆನ್ನಿಗೆ ಚಳಿ ಹಿಡಿಯುತ್ತೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಹೊದಿಕೆ, ಅಂಡರ್‌ಕ್ವಿಲ್ಟ್ (ಹ್ಯಾಮಕ್ ಕೆಳಗೆ ಕಟ್ಟುವ ಹೊದಿಕೆ), ಪಾಂಚೊ (ತಲೆ ತೂರಿಸಿ ಹಾಕಿಕೊಳ್ಳುವ ಮೇಲುಡುಪು) ಮೂರೂ ಆಗುವ ಒಂದೇ ಕ್ವಿಲ್ಟ್ ಸಿಗುತ್ತದಂತೆ. ಅದೊಂದು ತಗೊಂಡರೆ ಸಾಕಾ?

ಉತ್ತರ: ಸಾಕು, ಆದರೆ ಅದನ್ನು ಕೆಳಗೆ ಕಟ್ಟಿ. ಮೈಮೇಲೆ ಹಾಕಿಕೊಳ್ಳಲು ಕಂಬಳಿ, ಶಾಲು, ಸ್ವೆಟರ್, ಟೋಪಿ ಏನಾದರೂ ಮನೆಯಲ್ಲೇ ಇರುತ್ತದೆ. ಕೆಳಗಿನ ಚಳಿಗೆ ಅಷ್ಟು ಸುಲಭದ ದಾರಿ ಇಲ್ಲ. ಆ ಕ್ವಿಲ್ಟ್ ಮೂರು ಕೆಲಸ ಮಾಡುತ್ತದೆ ಅನ್ನುವುದು ನಿಜವೇ. ಒಂದು ಹೊತ್ತಿಗೆ ಒಂದೇ ಕೆಲಸ ಅನ್ನುವುದನ್ನು ಮಾತ್ರ ಮಾರುವವರು ಜೋರಾಗಿ ಹೇಳುವುದಿಲ್ಲ.

ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಬೆಚ್ಚಗಿಡುವುದು ಬಟ್ಟೆಯ ದಪ್ಪಕ್ಕಿಂತ ಅದರೊಳಗೆ ಅಲುಗಾಡದೆ ನಿಂತ ಗಾಳಿ. ಇಂಥ ಕ್ವಿಲ್ಟ್‌ಗಳಲ್ಲಿ ತುಂಬುವ ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಮೆತ್ತನೆಯ ಪುಕ್ಕ. 800 ಫಿಲ್ ಪವರ್ (ಎಷ್ಟು ಉಬ್ಬುತ್ತದೆ ಅನ್ನುವ ಅಳತೆ) ಇರುವ ಒಳ್ಳೆ ಡೌನ್ ಬರೀ 28 ಗ್ರಾಂ ಇದ್ದರೂ ಸುಮಾರು 13 ಲೀಟರ್ ಜಾಗಕ್ಕೆ ಉಬ್ಬಿಕೊಳ್ಳುತ್ತದೆ. ಅದರ ಮೇಲೆ ನೀವು ಮಲಗಿದಿರಿ ಅಂದುಕೊಳ್ಳಿ. ಎಲ್ಲಾ ಚಪ್ಪಟೆ. ಗಾಳಿ ಹೋಯಿತು, ಅದರ ಜೊತೆ ಬಿಸಿಯೂ ಹೋಯಿತು. ನೆಲದ ಮೇಲೆ ಮಲಗಿದರೆ ಕೆಳಗಿನಿಂದ ಗಾಳಿಯಾದರೂ ಬೀಸುವುದಿಲ್ಲ. ಹ್ಯಾಮಕ್‌ನಲ್ಲಿ ತೆಳ್ಳನೆ ನೈಲಾನ್ ಬಟ್ಟೆಯ ಆಚೆಗೆ ಗಾಳಿ ರಾತ್ರಿಯಿಡೀ ಓಡಾಡುತ್ತಲೇ ಇರುತ್ತದೆ. ಹಾಗಾಗಿ 20 ಡಿಗ್ರಿಗಿಂತ ಸ್ವಲ್ಪ ಇಳಿದರೂ ಸಾಕು, ಬಹಳ ಜನರಿಗೆ ಬೆನ್ನು, ಸೊಂಟ ತಣ್ಣಗಾಗಲು ಶುರುವಾಗುತ್ತದೆ. ಅಂಡರ್‌ಕ್ವಿಲ್ಟ್ ಹ್ಯಾಮಕ್‌ನ ಹೊರಗೆ, ಕೆಳಗಡೆ ನೇತಾಡುತ್ತದೆ. ಅದರ ಮೇಲೆ ನಿಮ್ಮ ಭಾರ ಬೀಳುವುದಿಲ್ಲ. ಉಬ್ಬಿದ್ದು ಉಬ್ಬಿದಂತೆಯೇ ಇರುತ್ತದೆ.

ಬಹುಪಯೋಗಿ ಕ್ವಿಲ್ಟ್ ಅಂದರೆ ಒಂದು ಆಯತಾಕಾರದ ಹೊದಿಕೆ, ಅಷ್ಟೇ. ಎರಡು ಗಿಡ್ಡ ಅಂಚುಗಳಲ್ಲಿ ಎಳೆದು ಬಿಗಿಯುವ ದಾರ, ಮೂಲೆಗಳಲ್ಲಿ ಕುಣಿಕೆ, ಕಾಲಿನ ಕಡೆ ಚೀಲದಂತೆ ಮುಚ್ಚಿಕೊಳ್ಳಲು ಒತ್ತುಗುಂಡಿ ಅಥವಾ ವೆಲ್‌ಕ್ರೋ. ಕೆಲವದರಲ್ಲಿ ನಡುವೆ ತಲೆ ತೂರಿಸುವ ಸೀಳು ಇರುತ್ತದೆ, ಬೆಳಗ್ಗೆ ಟೀ ಕಾಯಿಸುವಾಗ ಪಾಂಚೊ ಥರ ಹಾಕಿಕೊಳ್ಳಬಹುದು. ನನಗೆ ಈ ಸೀಳು ಅಷ್ಟೇನೂ ಇಷ್ಟವಿಲ್ಲ. ಸರಿಯಾಗಿ ಮುಚ್ಚದಿದ್ದರೆ ರಾತ್ರಿ ಚಳಿ ನುಗ್ಗುವುದು ಅಲ್ಲಿಂದಲೇ. ಮೇಲಾಗಿ ಅದನ್ನು ಹಾಕಿಕೊಂಡು ಕ್ಯಾಂಪ್‌ಫೈರ್ ಮುಂದೆ ಕೂತರೆ ಒಂದು ಕಿಡಿ ಸಾಕು, ನೈಲಾನ್ ಕರಗಿ ತೂತು ಬೀಳುತ್ತದೆ.

ಕಟ್ಟುವುದರಲ್ಲೇ ಇದರ ಗುಟ್ಟೆಲ್ಲಾ ಇರುವುದು. ಕ್ವಿಲ್ಟ್‌ನ ಉದ್ದದ ಎರಡೂ ಬದಿಗೆ ಇಲಾಸ್ಟಿಕ್ ದಾರ ಹಾಕಿ, ಅದರ ತುದಿಗಳನ್ನು ಹ್ಯಾಮಕ್‌ನ ಎರಡು ತುದಿಗೆ ಕೊಕ್ಕೆಯಿಂದ ಸಿಕ್ಕಿಸಬೇಕು. ಆಮೇಲೆ ಒಳಗೆ ಮಲಗಿ. ನೇರ ಮಲಗಿದರೆ ಬಾಳೆಕಾಯಿ ಥರ ಬಾಗುತ್ತೀರಿ, ಅದಕ್ಕೇ ಸ್ವಲ್ಪ ಓರೆಯಾಗಿ ಮಲಗುವುದು ರೂಢಿ. ಈಗ ಜೊತೆಗಿದ್ದವರಿಗೆ ಹೇಳಿ ಕ್ವಿಲ್ಟ್ ಮತ್ತು ಹ್ಯಾಮಕ್ ನಡುವೆ ಕೈ ಹಾಕಿಸಿ. ಬೆನ್ನಿನ ಕೆಳಗೆ ಖಾಲಿ ಜಾಗ ಸಿಕ್ಕರೆ ದಾರ ಸಡಿಲವಾಗಿದೆ. ಆ ಸಂದಿಯಲ್ಲಿ ಗಾಳಿ ಓಡಾಡಿದರೆ ಎಷ್ಟು ದುಬಾರಿ ಕ್ವಿಲ್ಟ್ ಆದರೂ ದಂಡ. ಹಾಗಂತ ಪೂರ್ತಿ ಬಿಗಿದರೆ ಪುಕ್ಕ ಮತ್ತೆ ಚಪ್ಪಟೆಯಾಗುತ್ತದೆ. ಬಟ್ಟೆಗೆ ಬಟ್ಟೆ ಸುಮ್ನೆ ಸೋಕುತ್ತಿರಬೇಕು, ಒತ್ತಬಾರದು. ಕೊನೆಗೆ ತಲೆ ಮತ್ತು ಕಾಲಿನ ಕಡೆಯ ದಾರ ಎಳೆದು ಬಾಯಿ ಮುಚ್ಚಿ. ಅಂಡರ್‌ಕ್ವಿಲ್ಟ್ ಅಂತಲೇ ಹೊಲಿದದ್ದನ್ನು ಹೆಚ್ಚಾಗಿ ಮೈಯ ಬಾಗಿಗೆ ಹೊಂದುವಂತೆ ಕತ್ತರಿಸಿರುತ್ತಾರೆ. ನೀವು ಹೇಳಿದ್ದು ಚಪ್ಪಟೆ, ಹಾಗಾಗಿ ಬದಿಗಳಲ್ಲಿ ಸಂದಿ ಬೀಳುವುದು ಜಾಸ್ತಿ. ಈ ಕಸರತ್ತನ್ನು ಮನೆಯ ತಾರಸಿಯಲ್ಲೋ ಪಕ್ಕದ ಪಾರ್ಕಿನಲ್ಲೋ ಒಮ್ಮೆ ಮಾಡಿ ನೋಡಿ. ಕತ್ತಲಲ್ಲಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಲಿಯುವ ವಿದ್ಯೆ ಇದಲ್ಲ.

ಕೊಳ್ಳುವ ಮುಂಚೆ ಇನ್ನೊಂದು ವಿಷಯ. ಅಂಗಡಿಯಲ್ಲಿ ಸಿಗುವ ಎಸಿ ಕಂಫರ್ಟರ್ ಕೂಡ ಪಾಲಿಯೆಸ್ಟರ್ ತುಂಬಿದ ಕ್ವಿಲ್ಟೇ ಅಲ್ವಾ? ಟೈಲರ್ ಹತ್ತಿರ ಹೋಗಿ ನಾಲ್ಕೂ ಅಂಚು ಮಡಚಿ ಲಾಡಿ ತೂರುವಷ್ಟು ಜಾಗ ಬಿಟ್ಟು ಹೊಲಿಸಿದರೆ ಅಂಡರ್‌ಕ್ವಿಲ್ಟ್ ತಯಾರು. ಬ್ಯಾಗಿನಲ್ಲಿ ಜಾಸ್ತಿ ಜಾಗ ತಿನ್ನುತ್ತದೆ, ಕಾರಿನಲ್ಲಿ ಹೋಗುವವರಿಗೆ ಅದೇನೂ ದೊಡ್ಡ ತೊಂದರೆಯಲ್ಲ. ಅಮೆರಿಕದ ಹ್ಯಾಮಕ್ ಮಂದಿ ಇದೇ ಥರ ಸೈನ್ಯದ ಪಾಂಚೊ ಲೈನರ್ ಕಟ್ಟಿಕೊಳ್ಳುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನಿಕರಿಗೆ ಕೊಟ್ಟ ತೆಳು ಹೊದಿಕೆ ಅದು. ಪಾಂಚೊಗೆ ಕಟ್ಟಲೆಂದು ಅಂಚಿನಲ್ಲಿ ದಾರಗಳು ಮೊದಲೇ ಇವೆ, ಹ್ಯಾಮಕ್‌ಗೂ ಅವೇ ಆಗುತ್ತವೆ. ನಮ್ಮ ಕೌದಿ ಆಗುತ್ತದಾ ಅಂತ ಕೇಳಿದರೆ, ಮೈಮೇಲೆ ಹೊದೆಯಲು ಬಲು ಚೆಂದ. ಕೆಳಗೆ ಮಾತ್ರ ಬೇಡ. ಹಳೆ ಸೀರೆಗಳನ್ನು ಪದರ ಪದರವಾಗಿ ಒತ್ತಿ ಹೊಲಿದಿರುವುದರಿಂದ ಅದು ಉಬ್ಬುವುದಿಲ್ಲ, ಭಾರಕ್ಕೆ ಇಲಾಸ್ಟಿಕ್ ಜೋತು ಬೀಳುತ್ತದೆ.

ಸ್ಲೀಪಿಂಗ್ ಬ್ಯಾಗ್ ಇದೆ ಅಂದಿರಲ್ಲ, ಅದರ ಕಾಲಿನ ತುದಿಯಲ್ಲೂ ಜಿಪ್ ಬಿಚ್ಚುತ್ತದಾ ನೋಡಿ. ಬಿಚ್ಚಿದರೆ ಹ್ಯಾಮಕ್ಕನ್ನೇ ಅದರೊಳಗೆ ತೂರಿಸಿ ಎಳೆದುಕೊಳ್ಳಬಹುದು. ಒಂದೇ ವಸ್ತು ಒಟ್ಟಿಗೇ ಮೇಲೂ ಕೆಳಗೂ ಬೆಚ್ಚಗಿಡುವ ಉಪಾಯ ಅಂದರೆ ಇದು. ರಾತ್ರಿ ಮೂತ್ರಕ್ಕೆ ಏಳುವುದು ಮಾತ್ರ ಹರಸಾಹಸ.

ಫೋಮ್ ಮ್ಯಾಟ್ ಹಾಸಿಕೊಂಡರೂ ನಡೆಯುತ್ತದೆ, ಅಗ್ಗ. ಆದರೆ ನಿದ್ದೆಯಲ್ಲಿ ಜಾರುತ್ತದೆ, ಬೆನ್ನು ಬೆವರುತ್ತದೆ, ಭುಜಗಳು ಹೊರಗೇ ಉಳಿಯುತ್ತವೆ.

ಡೌನ್ ತಗೋಬೇಕಾ, ಸಿಂಥೆಟಿಕ್ಕಾ? ಡೌನ್ ಹಗುರ, ಮಡಚಿದರೆ ಪುಟ್ಟ ಗಂಟು. ಒದ್ದೆಯಾದರೆ ಮುದ್ದೆಯಾಗಿ ಕೈಕೊಡುತ್ತದೆ. ಸಿಂಥೆಟಿಕ್ ನೆನೆದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಜನವರಿಯಲ್ಲೂ ಬೆಳಗಿನ ಮಂಜು ಸುರಿಯುವ ಮಲೆನಾಡಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೇಲೆ ಅಗಲದ ಟಾರ್ಪಾಲು ಇರಲಿ. ಕ್ವಿಲ್ಟ್ ನೆಲಕ್ಕೆ ತಾಗದಷ್ಟು ಎತ್ತರ ಕಟ್ಟಿ. ಮಳೆಗಾಲದಲ್ಲಿ ಅದು ನೆಲಕ್ಕೆ ತಾಗಿದರೆ ಇಂಬಳಗಳಿಗೆ ಏಣಿ ಹಾಕಿಕೊಟ್ಟ ಹಾಗೆ.

ಆನ್‌ಲೈನ್‌ನಲ್ಲಿ ಆರಿಸುವಾಗ ಎಷ್ಟು ಚಳಿ ತಡೆಯುತ್ತದೆ ಅಂತ ಬರೆದಿರುವ ಡಿಗ್ರಿ ನೋಡಿ ಗಾಬರಿಯಾಗಬೇಡಿ. ಅಮೆರಿಕದ ಕ್ವಿಲ್ಟ್ ಮೇಲೆ 40 ಅಂತ ಇದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 4 ಡಿಗ್ರಿ. 20 ಅಂದರೆ ಸೊನ್ನೆಗಿಂತ ಕೆಳಗೆ, ಮೈನಸ್ 7ರ ಹತ್ತಿರ. ಅದೂ ತಯಾರಕರ ಅಂದಾಜು, ಒಂದೈದು ಡಿಗ್ರಿ ಅಂತರ ಇಟ್ಟುಕೊಳ್ಳುವುದು ಕ್ಷೇಮ. ನೀವು ಹೋಗುವ ಕಡೆ ಜನವರಿ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯಬಹುದು. 40ರದ್ದೇ ಸಾಕು. 20ರದ್ದು ತಗೊಂಡರೆ ಸೆಕೆಯಾಗಿ ನಡುರಾತ್ರಿ ಕೊಕ್ಕೆ ಬಿಚ್ಚುತ್ತೀರಿ.