ಕೈ ಮೇಲೆ ನರ ಉಬ್ಬಿವೆ, ಕೈ ನಡುಗುತ್ತದೆ. ಇದು ನರ ದೌರ್ಬಲ್ಯವೇ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಊರು ಬೇರೆ, ವಯಸ್ಸು ಬೇರೆ, ಮಾತು ಮಾತ್ರ ಅದೇ: "ಕೈ ಮೇಲೆ ಹಸಿರು ನರ ಎದ್ದು ಕಾಣ್ತಿವೆ. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತೆ. ನರಕ್ಕೆ ಶಕ್ತಿ ಬರೋಕೆ ಯಾವ ಟಾನಿಕ್ ಕುಡಿಯಬೇಕು?"

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಕೈ ಮೇಲೆ ಹಸಿರಾಗಿ, ನೀಲಿಯಾಗಿ ಕಾಣುವುದು ನರ ಅಲ್ಲವೇ ಅಲ್ಲ. ಅದು ರಕ್ತನಾಳ. ಎಷ್ಟು ಸಲ ಹೇಳಿದರೂ ಈ ತಪ್ಪು ತಿಳಿವಳಿಕೆ ಹೋಗುತ್ತಿಲ್ಲ. ನಮ್ಮ ಮಾತಿನಲ್ಲೇ ಅದು ಬೇರುಬಿಟ್ಟಿದೆ. ಡ್ರಿಪ್ ಹಾಕುವ ಸಿಸ್ಟರ್ ಕೂಡ "ನರ ಸಿಗ್ತಾ ಇಲ್ಲ, ಮುಷ್ಟಿ ಬಿಗಿ ಹಿಡೀರಿ" ಅನ್ನುತ್ತಾರೆ. ಈ ರಕ್ತನಾಳಕ್ಕೆ ಶಾಲೆಯಲ್ಲಿ ಕಲಿತ 'ಅಭಿಧಮನಿ' ಎಂಬ ಹೆಸರು ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿಯುವುದಿಲ್ಲ.

ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಮುಂಗೈ ಮೇಲೆ ಉಬ್ಬಿದ ನಾಳವೊಂದನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಪಕ್ಕದ ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ನಾಳವನ್ನು ಸವರಿ. ಸವರಿದ ಭಾಗ ಚಪ್ಪಟೆಯಾಗುತ್ತದೆ. ಸವರಿದ ಬೆರಳು ತೆಗೆದರೂ ರಕ್ತ ಮೇಲಿನಿಂದ ವಾಪಸ್ ಬರುವುದಿಲ್ಲ, ಒಳಗಿನ ಕವಾಟ ತಡೆಯುತ್ತದೆ. ಈಗ ಒತ್ತಿದ ಬೆರಳು ಎತ್ತಿ. ತಟ್ಟನೆ ತುಂಬಿಕೊಳ್ಳುತ್ತದೆ! ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ವಿವರಿಸಿದಾಗ ತೋರಿಸಿದ್ದು ಇದೇ ಪರೀಕ್ಷೆಯನ್ನು. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಮಕ್ಕಳ ಮುಖ ನೋಡಬೇಕು, ಪಾಠ ಮಾಡಿದ್ದು ಸಾರ್ಥಕ ಅನ್ನಿಸುತ್ತದೆ.

ನಿಜವಾದ ನರ ಬಿಳಿ ದಾರದ ಹಾಗಿರುತ್ತದೆ. ಅದು ರಕ್ತ ಹರಿಯುವ ಕೊಳವೆಯಲ್ಲ. ಕೋಳಿ ತೊಡೆ ಬಿಡಿಸಿದವರು ನೋಡಿರುತ್ತೀರಿ: ಮಾಂಸದ ನಡುವೆ ಒಂದು ಬಿಳಿ ದಾರ, ಪಕ್ಕದಲ್ಲೇ ಕಪ್ಪುಗೆಂಪು ನಾಳ. ಆ ದಾರವೇ ನರ. ನಮ್ಮಲ್ಲಿ ಮೆದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ ಅನ್ನುತ್ತದೆ ಅಲ್ವಾ? ಅಲ್ಲಿ ಪೆಟ್ಟು ಬಿದ್ದದ್ದು ನರಕ್ಕೆ.

ಹಾಗಾದರೆ ಕೈ ಮೇಲಿನ ನಾಳ ಉಬ್ಬುವುದೇಕೆ? ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು, ಬಿಸಿಲು, ಕೈಗೆ ಕೆಲಸ ಜಾಸ್ತಿ. ಅಷ್ಟೇ.

ನರಕ್ಕೆ ಶಕ್ತಿ ಬರಲಿ ಅಂತ ಔಷಧಿ ಅಂಗಡಿಯಲ್ಲಿ ಕೇಳಿ ಚುಚ್ಚಿಸಿಕೊಳ್ಳುವ ಕೆಂಪು ಇಂಜೆಕ್ಷನ್ ವಿಷಯವೂ ಹೇಳಬೇಕು. ಅದು ಕೆಂಪಾಗಿರುವುದು ಬಿ12 ವಿಟಮಿನ್‌ನ ಬಣ್ಣದಿಂದ. ಬಿ12 ಕೊರತೆಯಾದರೆ ನರಕ್ಕೆ ನಿಜಕ್ಕೂ ಪೆಟ್ಟು ಬೀಳುತ್ತದೆ. ಆಗ ಪಾದ ಜೋಮು ಹಿಡಿಯುತ್ತದೆ, ನಡೆಯುವಾಗ ತೂರಾಡುವ ಹಾಗಾಗುತ್ತದೆ. ಸಕ್ಕರೆ ಕಾಯಿಲೆಯವರಿಗೂ ಪಾದ ಜೋಮು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಸುಮ್ನೆ ಚುಚ್ಚಿಸಿಕೊಳ್ಳಬೇಡಿ.

ಇನ್ನು ನಡುಕ. ಅದಕ್ಕೆ ಕಾರಣ ಹಲವು, ಅದರಲ್ಲಿ ಜನ ನೆನೆಸದೇ ಇರುವುದು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ. ದೇಹಕ್ಕೆ ಆಜ್ಞೆ ಹೋಗುವುದು ನರದಿಂದ ಮಾತ್ರವಲ್ಲ, ಗ್ರಂಥಿಗಳು ರಕ್ತಕ್ಕೆ ಬಿಡುವ ಹಾರ್ಮೋನ್‌ನಿಂದಲೂ. ನಾಯಿ ಅಟ್ಟಿಸಿಕೊಂಡು ಬಂದಾಗ ಕಾಲು ಓಡುವುದು ನರದ ಆಜ್ಞೆಯಿಂದ. ವೇಗದ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 100 ಮೀಟರ್ ಹೋಗುತ್ತದೆ. ಗೇಟು ಹಾಕಿಕೊಂಡ ಮೇಲೂ ಎದೆ ಢವಢವ ಅನ್ನುತ್ತಿರುತ್ತದೆ, ಯಾಕೆಂದರೆ ಮೂತ್ರಪಿಂಡದ ಮೇಲಿನ ಗ್ರಂಥಿ ಸುರಿಸಿದ ಅಡ್ರಿನಲಿನ್ ಎಂಬ ಹಾರ್ಮೋನ್ ಇನ್ನೂ ರಕ್ತದಲ್ಲಿದೆ. ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದವರಿಗೆ ಕೂತಲ್ಲೇ ಹಾಗೆ: ಎದೆಬಡಿತ, ಬೆವರು, ಚೆನ್ನಾಗಿ ಉಂಡರೂ ತೂಕ ಇಳಿಯುವುದು. ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಮೇಲೊಂದು ಹಾಳೆ ಇಟ್ಟರೆ ಅದರ ಅಂಚು ನಡುಗುವುದು ಕಾಣುತ್ತದೆ. ಡಾಕ್ಟರಿಗೆ ತೋರಿಸಿ.

ಥೈರಾಯ್ಡ್ ರಕ್ತ ಪರೀಕ್ಷೆಯ ರಿಪೋರ್ಟ್ ಬಂದಾಗ ಗೊಂದಲ ಆಗಬಾರದು ಅಂತ ಇನ್ನೊಂದು ಮಾತು. ಅದರಲ್ಲಿ ಕಾಣುವ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ಥೈರಾಯ್ಡ್‌ನಿಂದ ಬರುವುದಲ್ಲ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಆಜ್ಞೆ ಅದು. ಥೈರಾಯ್ಡ್ ಕೆಲಸ ಕಡಿಮೆ ಮಾಡಿದರೆ ಪಿಟ್ಯುಟರಿ ಆಜ್ಞೆ ಜಾಸ್ತಿ ಮಾಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಹಾರ್ಮೋನ್ ಸಾಲದು ಎಂದರ್ಥ, ಜಾಸ್ತಿ ಇದ್ದವರಲ್ಲಿ ಟಿಎಸ್‌ಎಚ್ ತಳ ಸೇರಿರುತ್ತದೆ. ಥೈರಾಯ್ಡ್ ಕಡಿಮೆ ಇದ್ದು ಮಾತ್ರೆ ನುಂಗುವವರು, ಡೋಸ್ ಬದಲಾದ ವಾರಕ್ಕೇ ಲ್ಯಾಬಿಗೆ ಓಡಬೇಡಿ. ರಕ್ತದಲ್ಲಿ ಆ ಮಾತ್ರೆಯ ಹಾರ್ಮೋನ್ ಅರ್ಧಕ್ಕಿಳಿಯಲೇ ಸುಮಾರು ಒಂದು ವಾರ ಬೇಕು. ಹೊಸ ಲೆಕ್ಕ ಸರಿಯಾಗಿ ಕಾಣುವುದು ಆರು ವಾರದ ನಂತರ.