ಕಂಪ್ರೆಷನ್: ಹಳೆಯ ಕಾರಿನ ಎಂಜಿನ್ ಹೇಗಿದೆಯೆಂದು ತಿಳಿಸುವ ಅಳತೆ

ಹಳೆಯ ಕಾರು ಏರುದಾರಿಯಲ್ಲಿ ಮೊದಲಿನಂತೆ ಎಳೆಯದೆ ಹೋದಾಗ ಗ್ಯಾರೇಜಿನಲ್ಲಿ ಬೇಗನೆ ಕೇಳಿಬರುವ ಮಾತು ‘ಕಂಪ್ರೆಷನ್ ಡೌನ್ ಆಗಿದೆ’ ಎಂಬುದು. ಸಿಲಿಂಡರಿನೊಳಗೆ ಬಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು, ಕಿಡಿ ಹಾರುವ ಮುನ್ನ, ಪಿಸ್ಟನ್ ಮೇಲೇರಿ ಕಿರಿದಾದ ಜಾಗಕ್ಕೆ ಒತ್ತುವುದನ್ನೇ ಕಂಪ್ರೆಷನ್ ಎನ್ನುತ್ತಾರೆ. ಪಿಸ್ಟನ್ನಿನ ಸುತ್ತಲಿನ ಸಂದು ಮುಚ್ಚುವ ರಿಂಗ್, ಗಾಳಿ ಬಂದುಹೋಗುವ ದಾರಿಯನ್ನು ತೆರೆದು ಮುಚ್ಚುವ ವಾಲ್ವ್, ಸಿಲಿಂಡರುಗಳ ಮೇಲ್ಮುಚ್ಚಳದಡಿ ಕೂರಿಸಿದ ಹೆಡ್ ಗ್ಯಾಸ್ಕೆಟ್ ಇವುಗಳಲ್ಲಿ ಯಾವುದು ಸೋರಿದರೂ ಆ ಒತ್ತಡ ನಿಲ್ಲದೆ ಎಂಜಿನ್ನಿನ ಬಲ ಕುಗ್ಗುತ್ತದೆ.

ಕಂಪ್ರೆಷನ್ ರೇಷಿಯೊ ಎಂಬುದು ಬೇರೆಯೇ ಸಂಗತಿ. ಪಿಸ್ಟನ್ ಕೆಳಗಿದ್ದಾಗಿನ ಜಾಗವು ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬ ಈ ಲೆಕ್ಕ ತಯಾರಿಕೆಯಲ್ಲೇ ನಿರ್ಧಾರವಾಗಿರುತ್ತದೆ. ಎಂಜಿನ್ ಸವೆದಂತೆ ಇಳಿಯುವುದು ಒತ್ತಡ.

1983ರಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನನ್ನೇ ನೋಡೋಣ. ಎಂಜಿನ್ ಬಿಸಿಯಾದ ಮೇಲೆ ಮೂರೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಪೂರೈಕೆಯನ್ನು ತಪ್ಪಿಸಿ, ಒಂದು ಪ್ಲಗ್ಗಿನ ತೂತಿಗೆ ಒತ್ತಡ ಅಳೆಯುವ ಗೇಜ್ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಬೇಕು. ಹೀಗೆ ಮೂರೂ ಸಿಲಿಂಡರುಗಳನ್ನು ಅಳೆಯಬೇಕು. ಬ್ಯಾಟರಿ ಸೋತಿದ್ದರೆ ಎಂಜಿನ್ ನಿಧಾನವಾಗಿ ತಿರುಗಿ, ಸರಿಯಿರುವ ಸಿಲಿಂಡರೂ ಕಡಿಮೆ ತೋರಿಸುತ್ತದೆ. ಆಕ್ಸಿಲರೇಟರ್ ಒತ್ತದೆ ಅಳೆದ ಅಂಕಿಯನ್ನಂತೂ ಲೆಕ್ಕಕ್ಕೇ ಹಿಡಿಯಬಾರದು.

ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಹೊಂದಿಕೆ. ಮೂರೂ 140 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಸುಮಾರಿನಲ್ಲಿದ್ದರೆ ಅದು ಸಮನಾಗಿ ಸವೆದ, ಇನ್ನೂ ದುಡಿಯಬಲ್ಲ ಎಂಜಿನ್. ಎರಡು 160 ತೋರಿಸಿ ಮೂರನೆಯದು 100ಕ್ಕೇ ನಿಂತರೆ, ಉಳಿದೆರಡರ ಅಂಕಿ ಎಷ್ಟೇ ಚೆನ್ನಾಗಿದ್ದರೂ, ಆ ಕಾರನ್ನು ಕೊಳ್ಳುವ ಮುನ್ನ ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಲೇಬೇಕು. ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಚೆನ್ನಾಗಿ ಮೇಲೇರಿದರೆ, ಆಯಿಲ್ ತಾತ್ಕಾಲಿಕವಾಗಿ ಸಂದು ಮುಚ್ಚಿದೆ, ಅಂದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಹೋಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವುದೇ ಹೆಚ್ಚು. ತೀರಾ ಹೆಚ್ಚಿನ ಅಂಕಿ ಕಂಡರೂ ಹಿಗ್ಗಬೇಕಿಲ್ಲ, ಪಿಸ್ಟನ್ನಿನ ತಲೆಯ ಮೇಲೆ ಕಟ್ಟಿದ ಇಂಗಾಲವೂ ಜಾಗ ಕಿರಿದಾಗಿಸಿ ಒತ್ತಡ ಏರಿಸುತ್ತದೆ.

ನಮ್ಮವರು ಮರೆಯುವ ಇನ್ನೊಂದು ವಿಷಯ ಊರಿನ ಎತ್ತರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಕಡಿಮೆ. ಹಾಗಾಗಿ ಕರಾವಳಿಯಲ್ಲಿ 165 ತೋರಿಸಿದ ಎಂಜಿನ್ ಇಲ್ಲಿ 150ರ ಆಸುಪಾಸು ತೋರಿಸಿದರೆ ಅದು ಸವೆತವಲ್ಲ.

ಮೂರೂ ಅಂಕಿಗಳು ಸರಿಯಿದ್ದು ಪಿಕಪ್ ಮಾತ್ರ ಇಲ್ಲದಿದ್ದರೆ, ಎಂಜಿನ್ ಇಳಿಸಲು ಒಪ್ಪುವ ಮೊದಲು ಕಟ್ಟಿಕೊಂಡ ಏರ್ ಫಿಲ್ಟರ್, ಕಾರ್ಬ್ಯುರೇಟರ್, ಇಗ್ನಿಷನ್ ಟೈಮಿಂಗ್, ಜಾರುವ ಕ್ಲಚ್ ಮತ್ತು ಹಿಡಿದುಕೊಂಡ ಬ್ರೇಕ್‌ಗಳನ್ನು ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಹೇಳಬೇಕು.